ಷರತ್ತು ಯಾರದು, ಜವಾಬು ಯಾರದು?

ಗಲ್ಫಿನಿಂದ ರಜೆಯ ಮೇಲೆ ಬಂದವರು ನಾಲ್ಕು ಮಂದಿ ಸೇರಿದಲ್ಲಿ ಈ ಮಾತು ಬಂದೇ ಬರುತ್ತದೆ: “ಅಲ್ಲಿ ದೊರೆ ಒಂದು ಮಾತು ಹೇಳಿದರೆ ಆರು ತಿಂಗಳಲ್ಲಿ ರಸ್ತೆ ತಯಾರು. ನಮ್ಮಲ್ಲಿ ಗುಂಡಿ ಮುಚ್ಚುವುದಕ್ಕೂ ಮೂರು ಚುನಾವಣೆ ಬೇಕು.” ಪಕ್ಕದಲ್ಲಿ ಕುಳಿತ ಹಿರಿಯರು ತಲೆಯಾಡಿಸಿ, ಮಹಾರಾಜರ ಕಾಲದ ಮೈಸೂರನ್ನು ನೆನೆಯುತ್ತಾರೆ. ಇವರಿಬ್ಬರ ಮಾತಿನಲ್ಲಿ ಹಂಬಲವಿದೆ, ಕೇಡಿಲ್ಲ. ಮೂರನೆಯ ಮಾತೊಂದಿದೆ. ಅದು ಓದು ಬರಹ ಬಲ್ಲವರ ನಾಲಿಗೆಯಿಂದ ಬರುವಂಥದ್ದು: “ಮುಸ್ಲಿಮ್ ದೇಶಗಳಿಗೆ ರಾಜರೇ ಸರಿ, ಪ್ರಜಾಪ್ರಭುತ್ವ ಅವರ ಜಾಯಮಾನಕ್ಕೆ ಒಗ್ಗದು.” ಈ ಮೂರು ಮಾತುಗಳಿಗೂ ಕೊನೆಯಲ್ಲಿ ಒಂದೇ ಸಮಜಾಯಿಷಿ: “ಅಲ್ಲೂ ಸಂವಿಧಾನ ಇದೆಯಲ್ಲ! ಇಂಗ್ಲೆಂಡಿನಲ್ಲೂ ರಾಜ ಇದ್ದಾನಲ್ಲ!”

ನನ್ನ ತಕರಾರು ಇರುವುದು ಈ ಸಮಜಾಯಿಷಿಯ ಜೊತೆಗೆ. ಇಂಗ್ಲೆಂಡಿನಲ್ಲಿ ರಾಜನಿದ್ದಾನೆ ಎಂಬುದು ನಿಜ. ಕುವೈತಿನಲ್ಲಿ ಸಂವಿಧಾನವಿದೆ ಎಂಬುದೂ ನಿಜ. ಆದರೆ ರಾಜ ಮತ್ತು ಸಂವಿಧಾನ ಒಂದೇ ಸೂರಿನಡಿ ಇದ್ದಾಕ್ಷಣ ಅದು ಸಾಂವಿಧಾನಿಕ ರಾಜಪ್ರಭುತ್ವ ಆಗುವುದಿಲ್ಲ. ಆ ಹೆಸರಿಗೆ ಒಂದು ಅರ್ಥವಿದೆ. ಆ ಅರ್ಥವನ್ನು ತಿಳಿಯಲು ನಾವು ಲಂಡನ್ನಿಗೆ ಹೋಗಬೇಕಾಗಿಲ್ಲ. ಅದು ನಮ್ಮ ಕನ್ನಡದಲ್ಲೇ, ನಾವು ದಿನಾ ಬಳಸುವ ಎರಡು ಪದಗಳಲ್ಲಿ ಅಡಗಿದೆ.

ಮೊದಲನೆಯ ಪದ ಷರತ್ತು. ಮನೆ ಬಾಡಿಗೆಗೆ ಕೊಡುವಾಗ, ಸಾಲ ಪಡೆಯುವಾಗ, ಮಗಳ ಮದುವೆ ಮಾತುಕತೆಯಲ್ಲಿ ನಾವು ಬಳಸುವ ಈ ಪದ ಅರಬಿಯ ‘ಷರ್ತ್’ನಿಂದ ಬಂದದ್ದು. ಷರತ್ತಿಗೆ ಒಳಪಟ್ಟದ್ದು ಯಾವುದೋ ಅದು ಅರಬಿಯಲ್ಲಿ ‘ಮಶ್ರೂತ್’. ನೂರಿಪ್ಪತ್ತು ವರ್ಷಗಳ ಹಿಂದೆ ಇರಾನಿನ ಜನ ತಮ್ಮ ಷಾನ ಅಧಿಕಾರಕ್ಕೆ ಕಡಿವಾಣ ಹಾಕಲು ಬೀದಿಗಿಳಿದಾಗ ತಮ್ಮ ಹೋರಾಟಕ್ಕೆ ಇಟ್ಟ ಹೆಸರು ‘ಮಶ್ರೂತಾ’. ಎರಡನೆಯ ಪದ ಜವಾಬ್ದಾರಿ. ಉರ್ದು ಶಾಲೆಯಲ್ಲಿ ನಾವು ಸವಾಲ್-ಜವಾಬ್ ಎಂದು ಕಲಿತೆವು, ಕನ್ನಡ ಶಾಲೆಗೆ ಬಂದಾಗ ಪ್ರಶ್ನೆ-ಉತ್ತರ ಎಂದು ಕಲಿತೆವು. ಜವಾಬ್ದಾರ ಎಂದರೆ ಜವಾಬು ಹೇಳಬೇಕಾದವನು. 1947ರಲ್ಲಿ ಮೈಸೂರಿನ ಜನ ಕೇಳಿದ್ದು ‘ಜವಾಬ್ದಾರಿ ಸರ್ಕಾರ’. ಅಂದರೆ ಅರಮನೆಗಲ್ಲ, ನಮಗೆ ಜವಾಬು ಹೇಳುವ ಸರ್ಕಾರ.

ಷರತ್ತು ಮತ್ತು ಜವಾಬು, ಎರಡೂ ಕೂಡಿದರೆ ಸಾಂವಿಧಾನಿಕ ರಾಜಪ್ರಭುತ್ವ. ರಾಜ ಷರತ್ತಿಗೆ ಒಳಪಟ್ಟಿರಬೇಕು, ಆ ಷರತ್ತನ್ನು ಅವನೊಬ್ಬನೇ ಅಳಿಸುವಂತಿರಬಾರದು. ರಾಜನ ಹೆಸರಿನಲ್ಲಿ ನಡೆಯುವ ಪ್ರತಿಯೊಂದು ಕೆಲಸಕ್ಕೂ ಜನರು ಆರಿಸಿದ, ಜನರು ಇಳಿಸಬಹುದಾದ ಯಾರಾದರೂ ಜವಾಬು ಹೇಳಬೇಕು. ಇವೆರಡು ಇಲ್ಲದ ಸಂವಿಧಾನ ಸಿಂಹಾಸನದ ಮೇಲೆ ಹಾಸಿದ ಜರತಾರಿ ಬಟ್ಟೆ.

ಇಂಗ್ಲೆಂಡಿನ ಉದಾಹರಣೆ ಕೊಡುವವರು ಮೊದಲು ಆ ದೇಶದ ಲೆಕ್ಕವನ್ನು ಸರಿಯಾಗಿ ನೋಡಬೇಕು. ಅಲ್ಲಿ 1649ರಲ್ಲಿ ಒಬ್ಬ ರಾಜನ ತಲೆ ಹೋಯಿತು. 1688ರಲ್ಲಿ ಇನ್ನೊಬ್ಬ ರಾಜ ದೇಶ ಬಿಟ್ಟು ಓಡಿದ. 1689ರಲ್ಲಿ ಪಾರ್ಲಿಮೆಂಟು ಹಕ್ಕುಗಳ ಶಾಸನ ಮಾಡಿ, ತನ್ನ ಒಪ್ಪಿಗೆ ಇಲ್ಲದೆ ತೆರಿಗೆ ಹಾಕುವಂತಿಲ್ಲ, ಶಾಂತಿಕಾಲದಲ್ಲಿ ಸೈನ್ಯ ಇಡುವಂತಿಲ್ಲ, ಕಾನೂನುಗಳನ್ನು ತಡೆಹಿಡಿಯುವಂತಿಲ್ಲ ಎಂದು ಸಾರಿತು. ಪಾರ್ಲಿಮೆಂಟು ಅಂಗೀಕರಿಸಿದ ಮಸೂದೆಗೆ ಅಂಕಿತ ಹಾಕುವುದಿಲ್ಲ ಎಂದು ಕೊನೆಯ ಬಾರಿಗೆ ಹೇಳಿದ್ದು ಆನ್ ರಾಣಿ, ಅದೂ 1708ರಲ್ಲಿ. ಆಮೇಲೆ ಇಂದಿನವರೆಗೆ ಯಾವ ರಾಜ, ಯಾವ ರಾಣಿಯೂ ಆ ಧೈರ್ಯ ಮಾಡಿಲ್ಲ. 1867ರಲ್ಲಿ ವಾಲ್ಟರ್ ಬ್ಯಾಜೆಟ್ ಎಂಬ ಪತ್ರಕರ್ತ ಇಂಗ್ಲೆಂಡಿನ ಸಂವಿಧಾನದ ಬಗ್ಗೆ ಪುಸ್ತಕ ಬರೆದು ದೊರೆಗೆ ಉಳಿದ ಹಕ್ಕುಗಳನ್ನು ಮೂರೇ ಮೂರು ಎಂದು ಎಣಿಸಿದ: ಮಂತ್ರಿಗಳು ಅವರ ಸಲಹೆ ಕೇಳಬೇಕು, ಅವರು ಮಂತ್ರಿಗಳನ್ನು ಹುರಿದುಂಬಿಸಬಹುದು, ಎಚ್ಚರಿಸಬಹುದು. ನಮ್ಮ ಮನೆಗಳಲ್ಲಿ ಯಜಮಾನಿಕೆ ಮಗನಿಗೆ ಬಿಟ್ಟುಕೊಟ್ಟ ವಯಸ್ಸಾದ ಅಜ್ಜನಿಗೆ ಇರುವಷ್ಟೇ ಹಕ್ಕು.

‘ದೊರೆ ತಪ್ಪು ಮಾಡಲಾರ’ ಎಂಬ ಹಳೆಯ ಮಾತೊಂದು ಆ ದೇಶದಲ್ಲಿದೆ. ಕೇಳಿದರೆ ಸಿಟ್ಟು ಬರುವಂಥ ಮಾತು. ಆದರೆ ಅದರ ಅರ್ಥ ಬೇರೆ. ದೊರೆ ಸ್ವಂತವಾಗಿ ಏನನ್ನೂ ಮಾಡುವುದಿಲ್ಲ, ಮಾಡಿಸುವವನು ಮಂತ್ರಿ, ಹಾಗಾಗಿ ತಪ್ಪಾದರೆ ಸಿಕ್ಕಿಬೀಳಬೇಕಾದವನೂ ಮಂತ್ರಿ. 2019ರಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಪಾರ್ಲಿಮೆಂಟಿನ ಅಧಿವೇಶನವನ್ನು ವಾರಗಟ್ಟಲೆ ಮುಚ್ಚಿಸಲು ರಾಣಿಗೆ ಸಲಹೆ ಕೊಟ್ಟರು, ರಾಣಿ ಒಪ್ಪಿದರು. ಸೆಪ್ಟೆಂಬರ್ 24ರಂದು ಅಲ್ಲಿನ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರು ಒಮ್ಮತದಿಂದ ಅದು ಕಾನೂನುಬಾಹಿರ ಎಂದರು. ಛೀಮಾರಿ ಬಿದ್ದದ್ದು ಪ್ರಧಾನಿಗೆ. ಜವಾಬು ಕೊಡಬೇಕಾಗಿ ಬಂದದ್ದೂ ಪ್ರಧಾನಿಯೇ.

ಈಗ ಇದೇ ಮಾತನ್ನು ಬೇರೆ ನಾಡಿಗೆ ಒಯ್ಯಿರಿ. ದೊರೆಯೇ ಪ್ರಧಾನಿಯನ್ನು ನೇಮಿಸುತ್ತಾನೆ, ದೊರೆಯೇ ಸೈನ್ಯದ ಮುಖ್ಯಸ್ಥ, ದೊರೆಯೇ ಶಾಸನಸಭೆ ಮುಚ್ಚುತ್ತಾನೆ. ಆದರೂ ಅವನ ವ್ಯಕ್ತಿತ್ವ ಪ್ರಶ್ನಾತೀತ ಎಂದು ಸಂವಿಧಾನದಲ್ಲಿ ಬರೆದಿದೆ. ಅಧಿಕಾರ ಇಲ್ಲದವನನ್ನು ಪ್ರಶ್ನಿಸಬೇಡಿ ಎನ್ನುವುದು ಸೌಜನ್ಯ. ಅಧಿಕಾರವೆಲ್ಲ ಇರುವವನನ್ನು ಪ್ರಶ್ನಿಸಬೇಡಿ ಎನ್ನುವುದು ದಬ್ಬಾಳಿಕೆ. ಅಕ್ಷರ ಒಂದೇ, ಅರ್ಥ ಆಕಾಶ ಪಾತಾಳ.

ಮುಸ್ಲಿಮರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ ಎನ್ನುವವರು ಇರಾನಿನ ಕಥೆಯನ್ನು ಓದಬೇಕು. 1905ರ ಡಿಸೆಂಬರಿನಲ್ಲಿ ಸಕ್ಕರೆಯ ಬೆಲೆ ಏರಿತೆಂದು ಟೆಹರಾನಿನ ಆಡಳಿತಗಾರ ವರ್ತಕರ ಅಂಗಾಲಿಗೆ ಹೊಡೆಸಿದ. ಬಜಾರು ಮುಚ್ಚಿತು. ವರ್ತಕರೂ ಉಲಮಾಗಳೂ ಒಟ್ಟಾಗಿ ಧರಣಿ ಕೂತರು. ಮರುವರ್ಷದ ಬೇಸಿಗೆಯಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಬ್ರಿಟಿಷ್ ದೂತಾವಾಸದ ತೋಟದಲ್ಲಿ ಬಿಡಾರ ಹೂಡಿದರು. ಕಸುಬುದಾರರು, ಬಜಾರಿನ ಸಣ್ಣ ವ್ಯಾಪಾರಿಗಳು, ಮದ್ರಸದ ಹುಡುಗರು. 1906ರ ಆಗಸ್ಟಿನಲ್ಲಿ ಮುಜಫ್ಫರುದ್ದೀನ್ ಷಾ ಮಣಿದ. ಅಕ್ಟೋಬರಿನಲ್ಲಿ ಮಜ್ಲಿಸ್ ಸೇರಿತು. ಸಾವಿನ ಹಾಸಿಗೆಯಲ್ಲಿದ್ದ ಷಾ ಡಿಸೆಂಬರ್ 30ರಂದು ಮೂಲ ಕಾನೂನಿಗೆ ಸಹಿ ಹಾಕಿ, ಕೆಲವೇ ದಿನಗಳಲ್ಲಿ ತೀರಿಕೊಂಡ.

1907ರಲ್ಲಿ ಸೇರಿಸಿದ ಪೂರಕ ಕಾನೂನಿನ ಒಂದು ವಿಧಿ ನನಗೆ ಬಹಳ ಇಷ್ಟ. ರಾಜಪದವಿಯು ದೈವದ ಕೊಡುಗೆಯಾಗಿ ಜನರು ದೊರೆಯ ಕೈಯಲ್ಲಿ ಒಪ್ಪಿಸಿಟ್ಟ ಠೇವಣಿ ಎಂಬುದು ಅದರ ತಾತ್ಪರ್ಯ. ದೇವರನ್ನು ಬಿಡಲಿಲ್ಲ, ಆದರೆ ದೇವರಿಗೂ ದೊರೆಗೂ ನಡುವೆ ಜನರನ್ನು ತಂದು ನಿಲ್ಲಿಸಿದರು. ಇಟ್ಟವರು ಕೇಳಿದಾಗ ವಾಪಸು ಕೊಡಬೇಕಾದ ಗಂಟು ಅದು. ಧರ್ಮದ ಹೆಸರಿನಲ್ಲಿ ಇದನ್ನು ವಿರೋಧಿಸಿದವರು ಇರಲಿಲ್ಲವೇ? ಇದ್ದರು. ಶೇಖ್ ಫಜ್ಲುಲ್ಲಾ ನೂರಿಯಂಥ ದೊಡ್ಡ ವಿದ್ವಾಂಸರೇ ವಿರೋಧಿಸಿದರು. ಆದರೆ ನಜಫಿನ ಆಖುಂದ್ ಖುರಾಸಾನಿ ಅಷ್ಟೇ ದೊಡ್ಡ ವಿದ್ವಾಂಸರು. ಅವರು ಮಶ್ರೂತಾದ ಪರ ನಿಂತರು. ಅವರ ಬಳಗದ ನಾಯೀನಿ 1909ರಲ್ಲಿ ಒಂದು ಗ್ರಂಥವನ್ನೇ ಬರೆದು, ಅಂಕೆಯಿಲ್ಲದ ಅರಸೊತ್ತಿಗೆ ದೇವರ ಹಕ್ಕನ್ನೂ ಜನರ ಹಕ್ಕನ್ನೂ ಕಸಿದುಕೊಳ್ಳುತ್ತದೆ, ಸಂವಿಧಾನ ಆ ಕಸಿತವನ್ನು ಕಡಿಮೆ ಮಾಡುತ್ತದೆ ಎಂದು ವಾದಿಸಿದರು. ನಮ್ಮಲ್ಲಿ ಅರಸರ ಹೊಗಳಿಕೆಯನ್ನು ದೀನಿನ ಸೇವೆ ಎಂದುಕೊಂಡವರು ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕು.

ಆಮೇಲೆ ಏನಾಯಿತು? ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಿದ ಹೊಸ ದೊರೆ ಮುಹಮ್ಮದಲಿ ಷಾ 1908ರ ಜೂನಿನಲ್ಲಿ ರಷ್ಯದ ಅಧಿಕಾರಿ ಲಿಯಾಖೊವ್‌ನ ಕೈಯಿಂದ ಮಜ್ಲಿಸಿನ ಮೇಲೆ ಫಿರಂಗಿ ಹಾರಿಸಿದ. ಬೇಲಿಯೇ ಎದ್ದು ಹೊಲ ಮೇಯಿತು. ತಬ್ರೇಜಿನ ಜನ ಸತ್ತಾರ್ ಖಾನನ ಮುಂದಾಳ್ತನದಲ್ಲಿ ಹಸಿವೆ, ಮುತ್ತಿಗೆಗಳನ್ನು ಸಹಿಸಿ ಹೋರಾಡಿದರು. 1909ರಲ್ಲಿ ಆ ಷಾನನ್ನು ಇಳಿಸಿ ಅವನ ಎಳೆಯ ಮಗನನ್ನು ಕೂರಿಸಿದರು. ಠೇವಣಿ ವಾಪಸು ಪಡೆದದ್ದು ಹೀಗೆ.

ಆ ಕಾಲಕ್ಕೆ ತನ್ನ ಮನೆಯಲ್ಲಿ ದೊರೆಯನ್ನು ಷರತ್ತಿನಲ್ಲಿ ಕಟ್ಟಿಹಾಕಿದ್ದ ಇಂಗ್ಲೆಂಡು ಏನು ಮಾಡುತ್ತಿತ್ತು? 1907ರ ಆಗಸ್ಟಿನಲ್ಲಿ ರಷ್ಯದ ಜೊತೆ ಒಪ್ಪಂದ ಮಾಡಿಕೊಂಡು ಇರಾನನ್ನು ಪ್ರಭಾವ ವಲಯಗಳಾಗಿ ಹಂಚಿಕೊಂಡಿತು. ಇರಾನಿನವರನ್ನು ಒಂದು ಮಾತೂ ಕೇಳಲಿಲ್ಲ. 1951ರಲ್ಲಿ ಮೊಸದ್ದೆಕ್ ಪ್ರಧಾನಿಯಾಗಿ, ಎಣ್ಣೆಯನ್ನು ರಾಷ್ಟ್ರೀಕರಿಸಿ, ದೊರೆ ಪಟ್ಟದಲ್ಲಿರಲಿ, ಆಳ್ವಿಕೆ ಮಂತ್ರಿಮಂಡಲದ್ದಾಗಲಿ ಎಂಬ ಹಳೆಯ ಮಶ್ರೂತಾದ ಮಾತನ್ನೇ ಮತ್ತೆ ಎತ್ತಿದಾಗ, 1953ರ ಆಗಸ್ಟಿನಲ್ಲಿ ಬ್ರಿಟನ್ ಮತ್ತು ಅಮೆರಿಕದ ಗುಪ್ತಚರರು ಅವರನ್ನು ಉರುಳಿಸಿದರು. ಷಾ ಮತ್ತೆ ಬಲಿತ. ವಿಚಿತ್ರವೆಂದರೆ 1906ರ ಸಂವಿಧಾನ 1979ರವರೆಗೂ ಕಾಗದದಲ್ಲಿ ಜೀವಂತವಿತ್ತು! ಷಾನ ರಹಸ್ಯ ಪೊಲೀಸರು ಜನರನ್ನು ಎತ್ತಿಕೊಂಡು ಹೋಗುತ್ತಿದ್ದಾಗಲೂ, 1975ರಲ್ಲಿ ಉಳಿದ ಪಕ್ಷಗಳನ್ನೆಲ್ಲ ಅಳಿಸಿ ಒಂದೇ ಪಕ್ಷ ಉಳಿಸಿದಾಗಲೂ ಆ ಠೇವಣಿಯ ವಿಧಿ ಪುಸ್ತಕದಲ್ಲೇ ಇತ್ತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ತಮ್ಮ ಮನೆಗೆ ಷರತ್ತಿನ ರಾಜ, ಪರರ ಮನೆಗೆ ಷರತ್ತಿಲ್ಲದ ರಾಜ ಎಂಬ ಈ ವ್ಯಾಪಾರ ಮಾಡಿದವರೇ ಇಂದು ಮುಸ್ಲಿಮರ ಜಾಯಮಾನದ ಬಗ್ಗೆ ಭಾಷಣ ಮಾಡುತ್ತಾರೆ.

ಹಾಗೆಂದು ಎಲ್ಲ ತಪ್ಪನ್ನೂ ಪರದೇಶಿಗಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದೂ ಮೋಸ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಸುವ ಕುವೈತನ್ನೇ ನೋಡಿ. 1962ರಲ್ಲಿ ಬಂದ ಅದರ ಸಂವಿಧಾನ ಅರಬ್ ಕೊಲ್ಲಿಯಲ್ಲೇ ಹೆಮ್ಮೆಪಡುವಂಥದ್ದು. ಸಾರ್ವಭೌಮತ್ವ ಜನರದು, ಎಲ್ಲ ಅಧಿಕಾರಗಳ ಮೂಲ ಜನರು ಎಂದು ಅದರ ಆರನೆಯ ವಿಧಿ ಹೇಳುತ್ತದೆ. ಜನರು ಆರಿಸಿದ ಐವತ್ತು ಸದಸ್ಯರ ಸಭೆ. ಮಂತ್ರಿಯನ್ನು ಎದ್ದು ನಿಲ್ಲಿಸಿ ಪಾಟೀಸವಾಲು ಹಾಕುವ ಹಕ್ಕು ಆ ಸದಸ್ಯರಿಗಿತ್ತು. ಅದಕ್ಕೆ ಅವರ ಹೆಸರು ‘ಇಸ್ತಿಜ್ವಾಬ್’. ಕೇಳಿದಿರಾ, ಅದರೊಳಗೂ ನಮ್ಮ ‘ಜವಾಬು’ ಇದೆ! 2006ರ ಜನವರಿಯಲ್ಲಿ ತೀವ್ರ ಅನಾರೋಗ್ಯದಲ್ಲಿದ್ದ ಅಮೀರರನ್ನು ಆ ಸಭೆಯೇ ಮತ ಹಾಕಿ ಪದವಿಯಿಂದ ಇಳಿಸಿತು. ಅರಬ್ ನಾಡಿನಲ್ಲಿ ಇಂಥದ್ದು ಸಣ್ಣ ಮಾತಲ್ಲ.

ಆದರೆ ಷರತ್ತಿನ ಹಗ್ಗದ ಒಂದು ತುದಿ ಅಮೀರರ ಕೈಯಲ್ಲೇ ಉಳಿದಿತ್ತು. 1976ರಲ್ಲಿ ಸಭೆ ಮುಚ್ಚಿ ಐದು ವರ್ಷ ಬಾಗಿಲು ತೆರೆಯಲಿಲ್ಲ. 1986ರಲ್ಲಿ ಮತ್ತೆ ಮುಚ್ಚಿದರು, 1992ರವರೆಗೆ. ನಡುವೆ ಸದ್ದಾಮನ ದಾಳಿ ಆಗಿ, ಅರಮನೆ ಪರದೇಶದಲ್ಲಿ ಆಶ್ರಯ ಪಡೆದಾಗ ಜನರಿಗೆ ಸಂವಿಧಾನದ ಭರವಸೆ ಕೊಡಬೇಕಾಯಿತು. 2024ರ ಏಪ್ರಿಲ್ 4ರಂದು ಜನ ಸಾಲಾಗಿ ನಿಂತು ಹೊಸ ಸಭೆಯನ್ನು ಆರಿಸಿದರು. ಆ ಸಭೆ ಒಂದು ದಿನವೂ ಸೇರುವ ಮೊದಲೇ, ಮೇ 10ರಂದು ಅಮೀರರು ಅದನ್ನು ವಿಸರ್ಜಿಸಿದರು. ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷ ಮೀರದ ಅವಧಿಗೆ ಅಮಾನತಿನಲ್ಲಿಟ್ಟರು. ಅಮಾನತಾದ ವಿಧಿಗಳಲ್ಲಿ 107ನೆಯದೂ ಒಂದು. ಸಭೆ ವಿಸರ್ಜಿಸಿದರೆ ಎರಡು ತಿಂಗಳೊಳಗೆ ಚುನಾವಣೆ ನಡೆಯಬೇಕು, ಇಲ್ಲವಾದರೆ ಹಳೆಯ ಸಭೆಯೇ ಮತ್ತೆ ಜೀವ ಪಡೆಯುತ್ತದೆ ಎನ್ನುವ ವಿಧಿ ಅದು. 181ನೆಯದೂ ಅಮಾನತಾಯಿತು. ಸೈನಿಕ ಕಾನೂನು ಜಾರಿಯಲ್ಲಿರುವಾಗ ಹೊರತು ಸಂವಿಧಾನದ ಯಾವ ವಿಧಿಯನ್ನೂ ಅಮಾನತಿನಲ್ಲಿಡುವಂತಿಲ್ಲ ಎನ್ನುವ ವಿಧಿ ಅದು. ಅಮಾನತು ಮಾಡಬಾರದು ಎಂಬ ಮಾತನ್ನೇ ಅಮಾನತು ಮಾಡಿದ ಮೇಲೆ ಇನ್ನೇನು ಉಳಿಯಿತು? ಬಾಡಿಗೆ ಕರಾರಿನಲ್ಲಿ ‘ಮನೆಯ ಯಜಮಾನನಿಗೆ ಬೇಡವೆನಿಸಿದಾಗ ಈ ಕರಾರು ರದ್ದು’ ಎಂದು ಬರೆದಿದ್ದರೆ ನಮ್ಮ ನಿಮ್ಮಂಥವರು ಸಹಿ ಹಾಕುತ್ತೇವೆಯೇ?

ಮೊರಾಕ್ಕೊದ ಕಥೆ ಇನ್ನೂ ನಾಜೂಕಿನದು. 2011ರಲ್ಲಿ ಯುವಕರು ಬೀದಿಗಿಳಿದ ಮೇಲೆ ದೊರೆಯೇ ಹೊಸ ಸಂವಿಧಾನ ಬರೆಸಿ ಜನಮತಕ್ಕೆ ಹಾಕಿದರು. ದೊರೆಯ ವ್ಯಕ್ತಿತ್ವ ‘ಪವಿತ್ರ’ ಎಂಬ ಮಾತು ಹೋಯಿತು, ಚುನಾವಣೆಯಲ್ಲಿ ಮೊದಲು ಬಂದ ಪಕ್ಷದವರೇ ಪ್ರಧಾನಿಯಾಗಬೇಕು ಎಂಬ ಮಾತು ಬಂತು. ಇದು ನಿಜವಾದ ಹೆಜ್ಜೆ, ಅಲ್ಲಗಳೆಯಬಾರದು. ಆದರೆ 2016ರ ಚುನಾವಣೆಯಲ್ಲಿ ಮೊದಲು ಬಂದ ಪಕ್ಷದ ನಾಯಕ ಬೆನ್‌ಕೀರಾನ್ ಐದು ತಿಂಗಳಾದರೂ ಮಿತ್ರಪಕ್ಷಗಳನ್ನು ಕೂಡಿಸಲಾಗದೆ ಹೋದಾಗ, 2017ರ ಮಾರ್ಚಿನಲ್ಲಿ ದೊರೆ ಅವರನ್ನು ಬದಿಗೆ ಸರಿಸಿ ಅದೇ ಪಕ್ಷದ ಇನ್ನೊಬ್ಬರನ್ನು ಕರೆದರು. ಗಂಟು ಬಿಚ್ಚಿದ್ದು ಮತ್ತೆ ಅರಮನೆಯ ಕೈಯೇ.

“ಆ ಸಭೆಗಳೂ ಜಗಳಗಂಟಿಗಳೇ, ಕೆಲಸ ಮಾಡಲು ಬಿಡುವುದಿಲ್ಲ” ಎಂದು ರಸ್ತೆಯ ಗೆಳೆಯರು ಹೇಳುತ್ತಾರೆ. ನಿಜ, ಕುವೈತಿನ ಸಭೆ ಜಗಳವಾಡುತ್ತಿತ್ತು. ಮಂತ್ರಿಗಳನ್ನು ಒಬ್ಬರ ಮೇಲೊಬ್ಬರಂತೆ ಪಾಟೀಸವಾಲಿಗೆ ಎಳೆಯುತ್ತಿತ್ತು. ಆದರೆ ಜಗಳವಾಡುವ ಸಭೆಯನ್ನು ಬದಲಿಸುವ ಹಕ್ಕು ಮತದಾರರಿಗೆ ಇರುತ್ತದೆ. ಸಭೆಯೇ ಇಲ್ಲದಿದ್ದರೆ ರಸ್ತೆಗೆ ಎಷ್ಟು ಹಣ ಹೋಯಿತು, ಯಾರ ಜೇಬಿಗೆ ಹೋಯಿತು ಎಂದು ಕೇಳುವವರು ಯಾರು? ಒಳ್ಳೆಯ ದೊರೆ ಇದ್ದಾಗ ರಸ್ತೆ ಆಗುತ್ತದೆ. ಕೆಟ್ಟ ದೊರೆ ಬಂದ ದಿನ ಅದೇ ರಸ್ತೆಯಲ್ಲಿ ಜೈಲಿನ ವ್ಯಾನು ಓಡುತ್ತದೆ. ಅದನ್ನು ನಿಲ್ಲಿಸಲು ಕೈಗೆ ಏನೂ ಸಿಗುವುದಿಲ್ಲ.

ಒಳ್ಳೆಯ ದೊರೆ ಎಂದರೆ ನಮಗೆ ಮೈಸೂರೇ ನೆನಪಾಗಬೇಕು, ಆಗಲಿ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರಂಥ ದೊರೆ, ಮಿರ್ಜಾ ಇಸ್ಮಾಯಿಲ್‌ರಂಥ ದಿವಾನರು. ಇದಕ್ಕಿಂತ ಒಳ್ಳೆಯ ಜೋಡಿಯನ್ನು ಯಾವ ಸಂಸ್ಥಾನ ಕಂಡಿತ್ತು? ಮಿರ್ಜಾ ಕಟ್ಟಿಸಿದ ಊರುಗಳನ್ನು, ನೆಡಿಸಿದ ಉದ್ಯಾನಗಳನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೂ ಅದೇ ದೊರೆ, ಅದೇ ದಿವಾನರ ಕಾಲದಲ್ಲಿ, 1938ರ ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು, ಹೆಣಗಳು ಬಿದ್ದವು. ಆಗ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಬಹುದಿತ್ತು, ಆದರೆ ಒಂದು ಮತದಿಂದ ದಿವಾನರನ್ನು ಇಳಿಸುವಂತಿರಲಿಲ್ಲ. ದಿವಾನರ ನೇಮಕದ ಕಾಗದ ಬರುತ್ತಿದ್ದದ್ದು ಅರಮನೆಯಿಂದ. ಇದು ಮಿರ್ಜಾರ ಗುಣದ ಪ್ರಶ್ನೆಯಲ್ಲ, ವ್ಯವಸ್ಥೆಯ ಪ್ರಶ್ನೆ. ಸಭೆ ಇತ್ತು, ಸವಾಲು ಇತ್ತು, ಜವಾಬ್ದಾರಿ ಇರಲಿಲ್ಲ. ಅದಕ್ಕೇ ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ, 1947ರ ಸೆಪ್ಟೆಂಬರಿನಲ್ಲಿ ಜನ ‘ಮೈಸೂರು ಚಲೋ’ ಹೊರಡಬೇಕಾಯಿತು. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಾಗಲೇ ಆ ಹಳೆಯ ಬೇಡಿಕೆ ಈಡೇರಿದ್ದು.

ಈಗ ರಾಜರಿಲ್ಲದ ನಮಗೆ ಈ ಮಾತೆಲ್ಲ ಯಾಕೆ ಎಂದು ಕೇಳಬಹುದು. ರಾಜ ಹೋದರೂ ಅವನ ಕುರ್ಚಿಯನ್ನು ನಾವು ಇಟ್ಟುಕೊಂಡಿದ್ದೇವೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡು ಮಂಡಿಸುತ್ತ ಅಂಬೇಡ್ಕರರು ನಮ್ಮ ರಾಷ್ಟ್ರಪತಿಯ ಸ್ಥಾನ ಇಂಗ್ಲೆಂಡಿನ ದೊರೆಯ ಸ್ಥಾನದಂಥದ್ದು ಎಂದು ವಿವರಿಸಿದರು. ರಾಜ್ಯಗಳಲ್ಲಿ ಆ ನೆರಳು ರಾಜ್ಯಪಾಲರದು. ಆ ನೆರಳು ಎದ್ದು ನಡೆದಾಡಿದರೆ ಏನಾಗುತ್ತದೆ ಎಂಬುದು ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. 1989ರ ಏಪ್ರಿಲಿನಲ್ಲಿ, ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದ ಎಸ್.ಆರ್. ಬೊಮ್ಮಾಯಿಯವರ ಮಾತಿಗೆ ಬೆಲೆ ಕೊಡದೆ, ರಾಜ್ಯಪಾಲರ ವರದಿಯ ಮೇಲೆ ಅವರ ಸರ್ಕಾರವನ್ನು ವಜಾ ಮಾಡಲಾಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟು, ಬಹುಮತ ಎಣಿಸಬೇಕಾದ ಜಾಗ ಸದನ, ರಾಜ್ಯಪಾಲರ ಮನೆಯಲ್ಲ ಎಂದಿತು. ಇಂಗ್ಲೆಂಡಿನ ದೊರೆ 1708ರಿಂದ ಮಾಡದ ಕೆಲಸವನ್ನು ನಮ್ಮ ರಾಜ್ಯಪಾಲರು ಮಸೂದೆಗಳನ್ನು ಮೇಜಿನ ಖಾನೆಯಲ್ಲಿಟ್ಟು ಸದ್ದಿಲ್ಲದೆ ಮಾಡಿದ್ದುಂಟು. ಅವರಿಗೆ ಗಡುವು ಹಾಕುವುದು ನ್ಯಾಯಾಲಯದ ಕೆಲಸವಲ್ಲ, ಆದರೆ ಮಸೂದೆಯನ್ನು ಕೊನೆಮೊದಲಿಲ್ಲದೆ ಇಟ್ಟುಕೊಳ್ಳುವಂತೆಯೂ ಇಲ್ಲ ಎಂಬ ಅಭಿಪ್ರಾಯ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. ಪಟ್ಟಾಭಿಷೇಕವಿಲ್ಲದ ಅರಸರಿಗೂ ಷರತ್ತಿನ ಪಾಠ ಬೇಕಾಗುತ್ತದೆ.

ಅರಸೊತ್ತಿಗೆಯನ್ನು ಪ್ರೀತಿಸುವವರಿಗೂ ಒಂದು ಮಾತು. ಷರತ್ತನ್ನು ಒಪ್ಪಿಕೊಂಡ ಸ್ವೀಡನ್, ನೆದರ್‌ಲ್ಯಾಂಡ್ಸ್‌ನ ಅರಮನೆಗಳು ಇಂದಿಗೂ ನಿಂತಿವೆ. ಭೂತಾನ್ 2008ರ ಸಂವಿಧಾನದಲ್ಲಿ ದೊರೆ 65ಕ್ಕೆ ನಿವೃತ್ತನಾಗಬೇಕು ಎಂದೂ, ಸಂಸತ್ತು ಮತ್ತು ಜನಮತ ಸೇರಿ ಅವನನ್ನು ಇಳಿಸಬಹುದು ಎಂದೂ ಬರೆದುಕೊಂಡಿತು. ಷರತ್ತನ್ನು ಹರಿದು ಹಾಕಿದವರ ಗತಿ ಏನು? ನೇಪಾಳದ ಜ್ಞಾನೇಂದ್ರ 2005ರ ಫೆಬ್ರವರಿಯಲ್ಲಿ ಎಲ್ಲ ಅಧಿಕಾರವನ್ನೂ ತನ್ನ ಕೈಗೆ ತೆಗೆದುಕೊಂಡ. 2008ರ ಮೇ ಮುಗಿಯುವಷ್ಟರಲ್ಲಿ ನೇಪಾಳದಲ್ಲಿ ರಾಜನೇ ಇರಲಿಲ್ಲ. ಇರಾನಿನ ಷಾ 1979ರಲ್ಲಿ ವಿಮಾನ ಹತ್ತಿದ. ಅವನ ಜೊತೆ 1906ರ ಸಂವಿಧಾನವೂ ಹೋಯಿತು. ಅಂಕೆಯೊಳಗೆ ಉಳಿದಿದ್ದ ಒಬ್ಬ ದೊರೆ, ಜವಾಬು ಕೊಡುವ ಒಂದು ಮಜ್ಲಿಸ್ ಇದ್ದಿದ್ದರೆ ಆ ದೇಶದ ಮುಂದಿನ ಕಥೆ ಬೇರೆಯಾಗಬಹುದಿತ್ತು.

ಆದ್ದರಿಂದ ಇನ್ನು ಮುಂದೆ ಯಾರಾದರೂ “ಅಲ್ಲೂ ಸಂವಿಧಾನ ಇದೆ” ಎಂದರೆ, ಆ ಪುಸ್ತಕ ಎಷ್ಟು ದಪ್ಪ ಎಂದು ನೋಡಬೇಡಿ. ಆ ದೇಶ ಮುಸ್ಲಿಮರದೋ, ಕ್ರೈಸ್ತರದೋ, ಬೌದ್ಧರದೋ ಎಂದೂ ನೋಡಬೇಡಿ. ಷರತ್ತನ್ನು ಅಳಿಸುವ ರಬ್ಬರು ಯಾರ ಕೈಯಲ್ಲಿದೆ, ತಪ್ಪಾದಾಗ ಜವಾಬು ಕೊಡುವವನು ಯಾರು, ಅವನನ್ನು ಮನೆಗೆ ಕಳಿಸುವವರು ಯಾರು ಎಂದು ಕೇಳಿ. ಇದನ್ನೇ ಟೆಹರಾನಿನ ವ್ಯಾಪಾರಿಗಳು ದೂತಾವಾಸದ ತೋಟದಲ್ಲಿ ಕೂತು ಕೇಳಿದರು. ಇದನ್ನೇ ಮೈಸೂರಿನ ರೈತರು, ವಿದ್ಯಾರ್ಥಿಗಳು ಅರಮನೆಯ ದಾರಿ ಹಿಡಿದು ಕೇಳಿದರು. ರಸ್ತೆ ಬೇಕು, ಖಂಡಿತ ಬೇಕು. ಆದರೆ ಆ ರಸ್ತೆಯ ಲೆಕ್ಕ ಕೇಳುವ ಬಾಯಿ ಅದಕ್ಕಿಂತ ಮೊದಲು ಬೇಕು.